ಸರ್ಕಾರಿ ಶಾಲೆಯ ಅನುದಾನ: ವಿಧಾನಮಂಡಲದ ಮಂಜೂರಾತಿಯಿಂದ ಊರಿನ ಶಾಲೆಯವರೆಗೆ

ಸಾರ್ವಜನಿಕರ ಮಾಹಿತಿಗಾಗಿ

ಶಾಲೆಯ ಹೆಂಚು ಒಡೆದಿದೆ, ಶೌಚಾಲಯಕ್ಕೆ ನೀರಿಲ್ಲ, ಕೊಠಡಿಗೆ ಸುಣ್ಣಬಣ್ಣವಾಗಿ ವರ್ಷಗಳಾದವು. ಹೀಗಿರುವಾಗ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ನಮ್ಮ ಶಾಲೆಗೆ ಹಣ ಬಂದಿದೆಯೇ? ಬಂದಿದ್ದರೆ ಎಷ್ಟು, ಯಾವುದಕ್ಕೆ ಖರ್ಚಾಯಿತು?" ಈ ಪ್ರಶ್ನೆಯನ್ನು ಕೇಳುವುದು ನಾಗರಿಕರ ಹಕ್ಕು. ಸರಿಯಾದ ಸ್ಥಳದಲ್ಲಿ, ಸರಿಯಾದ ಸಮಯದಲ್ಲಿ ಕೇಳಿದಾಗ ಉತ್ತರ ದೊರೆಯುವುದೂ ಸುಲಭ. ಈ ಉದ್ದೇಶದಿಂದ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಹಣ ಹರಿದುಬರುವ ಕ್ರಮವನ್ನೂ, ಅದರ ಮೇಲೆ ಸ್ಥಳೀಯ ಸಮುದಾಯಕ್ಕಿರುವ ಅಧಿಕಾರವನ್ನೂ ಇಲ್ಲಿ ವಿವರಿಸಲಾಗಿದೆ.

1. ಕಾನೂನಿನ ಆಧಾರ

2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿಯು 21ಎ ಅನುಚ್ಛೇದವನ್ನು ಸೇರಿಸಿ, 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಈ ಹಕ್ಕನ್ನು ಕಾರ್ಯರೂಪಕ್ಕೆ ತಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ, 2009, ದಿನಾಂಕ 1-4-2010ರಿಂದ ಜಾರಿಗೆ ಬಂದಿತು. ಇದರ 7ನೆಯ ಪ್ರಕರಣದಂತೆ ಅಗತ್ಯ ಹಣವನ್ನು ಒದಗಿಸುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಮವರ್ತಿ ಹೊಣೆ. ರಾಜ್ಯದ ನಿಯಮಗಳು 2012ರಲ್ಲಿ ಹೊರಬಂದವು. ಇದಲ್ಲದೆ ಶಾಲೆಗಳ ಮಾನ್ಯತೆ, ಆಡಳಿತ ಹಾಗೂ ಅನುದಾನದ ವಿಷಯಗಳಿಗೆ 1995ರಿಂದ ಜಾರಿಯಲ್ಲಿರುವ ಕರ್ನಾಟಕ ಶಿಕ್ಷಣ ಅಧಿನಿಯಮ, 1983 ಅನ್ವಯಿಸುತ್ತದೆ.

ಹಕ್ಕನ್ನು ಕಾನೂನು ಕೊಡುತ್ತದೆ. ಹಣವನ್ನು ಮಾತ್ರ ಪ್ರತಿವರ್ಷ ವಿಧಾನಮಂಡಲವೇ ಮಂಜೂರು ಮಾಡಬೇಕು. ಈ ವ್ಯತ್ಯಾಸವನ್ನು ಗಮನದಲ್ಲಿರಿಸಿಕೊಂಡರೆ ಮುಂದಿನ ವಿವರಗಳು ಸ್ಪಷ್ಟವಾಗುತ್ತವೆ.

2. ವಿಧಾನಮಂಡಲದಲ್ಲಿ ಹಣ ಮಂಜೂರಾಗುವ ಕ್ರಮ

ಸಂವಿಧಾನದ 202ನೆಯ ಅನುಚ್ಛೇದದಂತೆ ಆಯಾ ವರ್ಷದ ಆಯವ್ಯಯವನ್ನು ಉಭಯ ಸದನಗಳ ಮುಂದೆ ಮಂಡಿಸಲಾಗುತ್ತದೆ. ಇಲಾಖಾವಾರು ಅನುದಾನದ ಬೇಡಿಕೆಗಳ ಮೇಲೆ ಮತ ನೀಡುವ ಅಧಿಕಾರ 203ನೆಯ ಅನುಚ್ಛೇದದಂತೆ ವಿಧಾನಸಭೆಗೆ ಮಾತ್ರ ಇದೆ. ಬೇಡಿಕೆಗೆ ಒಪ್ಪಿಗೆ ನೀಡಲು, ನಿರಾಕರಿಸಲು ಅಥವಾ ಮೊತ್ತವನ್ನು ಕಡಿಮೆ ಮಾಡಲು ಸಭೆಗೆ ಅಧಿಕಾರವಿದೆ, ಹೆಚ್ಚಿಸಲು ಇಲ್ಲ. ಅನಂತರ 204ನೆಯ ಅನುಚ್ಛೇದದಂತೆ ಧನವಿನಿಯೋಗ ವಿಧೇಯಕ ಅಂಗೀಕಾರವಾಗಿ ಕಾನೂನಾಗುತ್ತದೆ. ಇದಾದ ಮೇಲೆಯೇ ಸಂಚಿತ ನಿಧಿಯಿಂದ ಹಣ ತೆಗೆಯಲು ಸಾಧ್ಯ. ಹಣ ಸಾಲದೆ ಹೋದಲ್ಲಿ ವರ್ಷದ ನಡುವೆ ಪೂರಕ ಅಂದಾಜುಗಳನ್ನು ಮಂಡಿಸಲು ಅವಕಾಶವಿದೆ.

ವಿಧಾನ ಪರಿಷತ್ತು ಆಯವ್ಯಯವನ್ನು ಚರ್ಚಿಸಬಹುದು, ಆದರೆ ಬೇಡಿಕೆಗಳ ಮೇಲೆ ಮತ ನೀಡುವಂತಿಲ್ಲ. ಧನ ವಿಧೇಯಕವನ್ನು ಅದು 14 ದಿನಗಳೊಳಗೆ ಹಿಂದಿರುಗಿಸಬೇಕು. ಹೀಗಿದ್ದರೂ 75 ಸದಸ್ಯರ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳಿಂದ ಆಯ್ಕೆಯಾದ 7 ಸದಸ್ಯರಿರುವುದರಿಂದ ಶಾಲೆಗಳ ಸಮಸ್ಯೆಗಳು ಅಲ್ಲಿ ವಿವರವಾಗಿ ಚರ್ಚೆಗೆ ಬರುತ್ತವೆ.

ಆಯವ್ಯಯದ ಪುಸ್ತಕಗಳಲ್ಲಿ ಸಾಮಾನ್ಯ ಶಿಕ್ಷಣದ ವೆಚ್ಚವನ್ನು 2202ನೆಯ ಲೆಕ್ಕ ಶೀರ್ಷಿಕೆಯಡಿ ಕಾಣಬಹುದು. ಕಟ್ಟಡದಂತಹ ಬಂಡವಾಳ ವೆಚ್ಚ 4202ರಡಿ ಬರುತ್ತದೆ. ಶಾಲಾ ಶಿಕ್ಷಣದ ಹಣದ ಒಂದು ಭಾಗವು ಜಿಲ್ಲಾ ವಲಯಕ್ಕೆ ಸೇರಿದ್ದು, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಮೂಲಕ ಹಂಚಿಕೆಯಾಗುತ್ತದೆ. ಇದರ ವಿವರಗಳು ಆಯವ್ಯಯದೊಂದಿಗೆ ಪ್ರಕಟವಾಗುವ ಲಿಂಕ್ ಡಾಕ್ಯುಮೆಂಟ್‌ನಲ್ಲಿ ಜಿಲ್ಲಾವಾರು ಇರುತ್ತವೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಇದರ ಜೊತೆಗೆ, 371ಜೆ ಅನುಚ್ಛೇದದಡಿ ರಚನೆಯಾದ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕವೂ ಶಾಲಾ ಕಾಮಗಾರಿಗಳಿಗೆ ಹಣ ದೊರೆಯುತ್ತದೆ.

3. ಶಾಲೆಯ ಕೈಗೆ ಬರುವ ವಾರ್ಷಿಕ ಅನುದಾನ

ಶಿಕ್ಷಣಕ್ಕೆ ಮಂಜೂರಾದ ಹಣದ ಬಹುಪಾಲು ಶಿಕ್ಷಕರ ವೇತನಕ್ಕೆ ಹೋಗುತ್ತದೆ. ಅದು ಶಾಲೆಯ ಖಾತೆಗೆ ಬರುವುದಿಲ್ಲ. ಶಾಲೆಯೇ ಖರ್ಚು ಮಾಡಬಹುದಾದ ಹಣದಲ್ಲಿ ಮುಖ್ಯವಾದುದು ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ. 2018ರಲ್ಲಿ ಆರಂಭವಾದ ಈ ಯೋಜನೆಯ ವೆಚ್ಚವನ್ನು ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. 2021ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ದಾಖಲಾತಿಗೆ ಅನುಗುಣವಾಗಿ ನಿಗದಿಪಡಿಸಿದ ವಾರ್ಷಿಕ ಅನುದಾನ ಈ ಕೆಳಕಂಡಂತಿದೆ:

- 30 ಮಕ್ಕಳವರೆಗೆ: 10,000 ರೂ.
- 31ರಿಂದ 100 ಮಕ್ಕಳವರೆಗೆ: 25,000 ರೂ.
- 101ರಿಂದ 250 ಮಕ್ಕಳವರೆಗೆ: 50,000 ರೂ.
- 251ರಿಂದ 1,000 ಮಕ್ಕಳವರೆಗೆ: 75,000 ರೂ.
- 1,000ಕ್ಕೂ ಮೇಲ್ಪಟ್ಟು: 1,00,000 ರೂ.

ಈ ಮೊತ್ತದಲ್ಲಿ ಕನಿಷ್ಠ ಶೇಕಡ 10ರಷ್ಟನ್ನು ಸ್ವಚ್ಛತಾ ಕಾರ್ಯಗಳಿಗೆ ಬಳಸಬೇಕು. ಉಳಿದ ಹಣವನ್ನು ಹಾಳಾದ ಪರಿಕರಗಳ ಬದಲಾವಣೆ, ಕಟ್ಟಡದ ಸಣ್ಣಪುಟ್ಟ ದುರಸ್ತಿ, ಬೋಧನೋಪಕರಣ, ಕುಡಿಯುವ ನೀರು ಮುಂತಾದ ನಿತ್ಯದ ಅಗತ್ಯಗಳಿಗೆ ಬಳಸಬಹುದು. ಹೊಸ ಕೊಠಡಿಯ ನಿರ್ಮಾಣ ಈ ಅನುದಾನದಿಂದ ಸಾಧ್ಯವಿಲ್ಲ. ಅದಕ್ಕೆ ಪ್ರತ್ಯೇಕ ಮಂಜೂರಾತಿ ಬೇಕು. ಮಧ್ಯಾಹ್ನದ ಬಿಸಿಯೂಟದ ಲೆಕ್ಕವನ್ನು ಸಹ ಇದರೊಂದಿಗೆ ಬೆರೆಸುವಂತಿಲ್ಲ.

ಮೇಲ್ಕಂಡ ಪಟ್ಟಿಯಲ್ಲಿ ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. 30 ಮಕ್ಕಳಿರುವ ಶಾಲೆಗೂ 31 ಮಕ್ಕಳಿರುವ ಶಾಲೆಗೂ ಅನುದಾನದಲ್ಲಿ 15,000 ರೂಪಾಯಿಗಳ ವ್ಯತ್ಯಾಸವಿದೆ. ಮಕ್ಕಳ ಸಂಖ್ಯೆಯನ್ನು ಯುಡೈಸ್ ಪ್ಲಸ್ ದಾಖಲೆಯಿಂದ ತೆಗೆದುಕೊಳ್ಳಲಾಗುತ್ತದೆ. ಆದುದರಿಂದ ವಲಸೆ ಹೋಗಿ ಮರಳಿದ ಮಗುವಾಗಲಿ, ತಡವಾಗಿ ದಾಖಲಾದ ಮಗುವಾಗಲಿ ಆ ದಾಖಲೆಯಿಂದ ಬಿಟ್ಟುಹೋದರೆ ನಷ್ಟವಾಗುವುದು ಇಡೀ ಶಾಲೆಗೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣದಿಂದ ಯಾವುದೇ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಅಧಿನಿಯಮದ 14ನೆಯ ಪ್ರಕರಣ ಸ್ಪಷ್ಟಪಡಿಸುತ್ತದೆ.

4. ಹಣದ ಮೇಲೆ ಊರಿನವರ ಅಧಿಕಾರ

ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್.ಡಿ.ಎಂ.ಸಿ.ಗಳು, 2001ರ ಸರ್ಕಾರಿ ಆದೇಶದಿಂದ ಆರಂಭವಾದವು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸು ಇದಕ್ಕೆ ಹಿನ್ನೆಲೆಯಾಗಿತ್ತು. 2009ರ ಅಧಿನಿಯಮದ 21ನೆಯ ಪ್ರಕರಣದಂತೆ ಇಂತಹ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕನೆಯ ಮೂರು ಭಾಗ ಪೋಷಕರಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕನುಗುಣವಾದ ಪ್ರಾತಿನಿಧ್ಯ ದೊರೆಯಬೇಕು. ಶಾಲೆಗೆ ಬಂದ ಅನುದಾನದ ಬಳಕೆಯನ್ನು ಮೇಲ್ವಿಚಾರಣೆ ಮಾಡುವುದು ಈ ಸಮಿತಿಯ ಶಾಸನಬದ್ಧ ಕರ್ತವ್ಯ.

22ನೆಯ ಪ್ರಕರಣದಂತೆ ಸಮಿತಿಯು ಶಾಲಾಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕು. ಸರ್ಕಾರವು ರೂಪಿಸುವ ಯೋಜನೆಗಳಿಗೂ ನೀಡುವ ಅನುದಾನಗಳಿಗೂ ಇದೇ ಆಧಾರವಾಗಬೇಕೆಂದು ಕಾನೂನು ಹೇಳುತ್ತದೆ. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ಬೇಡಿಕೆಯು ಸಭೆಯೊಂದಿಗೇ ಮುಗಿಯುತ್ತದೆ. ಶಾಲಾಭಿವೃದ್ಧಿ ಯೋಜನೆಯಲ್ಲಿ ಬರೆದ ಬೇಡಿಕೆಯಾದರೆ ತಾಲ್ಲೂಕು ಮತ್ತು ಜಿಲ್ಲಾ ಹಂತದ ಯೋಜನೆಗಳಲ್ಲಿ ಸೇರಲು ದಾರಿಯಾಗುತ್ತದೆ. ಆಯವ್ಯಯದ ಸಿದ್ಧತೆಗೆ ಸಾಕಷ್ಟು ಮುಂಚಿತವಾಗಿ, ಡಿಸೆಂಬರ್ ತಿಂಗಳೊಳಗೆ, ಈ ಕೆಲಸ ಮುಗಿಸುವುದು ಸೂಕ್ತ.

2021ರ ಜುಲೈ ತಿಂಗಳಿನಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ಬಿಡುಗಡೆಗೆ ಏಕ ನೋಡಲ್ ಖಾತೆಯ ವ್ಯವಸ್ಥೆ ಬಂದಿತು. ಈ ವ್ಯವಸ್ಥೆಯಲ್ಲಿ ಹಣ ರಾಜ್ಯ ಹಂತದ ಖಾತೆಯಲ್ಲಿರುತ್ತದೆ. ಶಾಲೆಗೆ ದೊರೆಯುವುದು ಖರ್ಚು ಮಾಡಬಹುದಾದ ಮಿತಿ. ಹಿಂದಿನಂತೆ ಪಾಸ್‌ಬುಕ್ಕಿನಲ್ಲಿ ದೊಡ್ಡ ಮೊತ್ತ ಜಮೆಯಾಗಿಲ್ಲವೆಂದ ಮಾತ್ರಕ್ಕೆ ಅನುದಾನ ಬಂದಿಲ್ಲವೆಂದು ತಿಳಿಯಬಾರದು. "ಈ ವರ್ಷ ನಮ್ಮ ಶಾಲೆಗೆ ನಿಗದಿಯಾದ ವೆಚ್ಚದ ಮಿತಿ ಎಷ್ಟು? ಇದುವರೆಗೆ ಬಳಸಿದ್ದು ಎಷ್ಟು?" ಎಂದು ಮುಖ್ಯ ಶಿಕ್ಷಕರನ್ನು ಕೇಳಬೇಕು. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬಳಸದೆ ಉಳಿದ ಮಿತಿ ಶಾಲೆಯ ಉಳಿತಾಯವಾಗುವುದಿಲ್ಲ. ಈ ಪ್ರಶ್ನೆಯನ್ನು ಏಪ್ರಿಲ್‌ನಲ್ಲಿ ಕೇಳುವುದಕ್ಕಿಂತ ನವೆಂಬರಿನಲ್ಲಿ ಕೇಳುವುದು ಹೆಚ್ಚು ಪ್ರಯೋಜನಕಾರಿ.

5. ಪೋಷಕರು ಹಣ ಕೊಡಬೇಕೆ?

ಬೇಡ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಲು ಎಸ್.ಡಿ.ಎಂ.ಸಿ.ಗಳಿಗೆ ಅವಕಾಶ ನೀಡುವ ಸುತ್ತೋಲೆಯೊಂದು ಹೊರಟಿತ್ತು. ಸಾರ್ವಜನಿಕ ಆಕ್ಷೇಪಣೆಗಳ ಹಿನ್ನೆಲೆಯಲ್ಲಿ ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ದಾನಿಗಳು ಸ್ವಇಚ್ಛೆಯಿಂದ ನೆರವು ನೀಡುವುದು ಬೇರೆ ವಿಷಯ. ಅದಕ್ಕೆ ರಸೀದಿ ಪಡೆಯಬೇಕು. ಪ್ರವೇಶಕ್ಕಾಗಲಿ, ವರ್ಗಾವಣೆ ಪತ್ರಕ್ಕಾಗಲಿ ಅದನ್ನು ಷರತ್ತಾಗಿ ಮಾಡುವಂತಿಲ್ಲ. ಸಣ್ಣ ಶಾಲೆಗಳ ಅನುದಾನದಲ್ಲಿ ವಿದ್ಯುತ್ ಬಿಲ್ಲಿನ ಪಾಲು ಹೊರೆಯಾಗಿದ್ದುದನ್ನು ಇಲ್ಲಿ ಸ್ಮರಿಸಬಹುದು. ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಮತ್ತು ಕುಡಿಯುವ ನೀರು ಒದಗಿಸುವುದಾಗಿ 2023ರ ನವೆಂಬರ್ 1ರಂದು ಘೋಷಿಸಲಾಯಿತು.

6. ಖಾಸಗಿ ಶಾಲೆಗಳಲ್ಲಿ ಉಚಿತ ಪ್ರವೇಶ ಕೋರುವವರಿಗೆ

ಅನುದಾನರಹಿತ ಖಾಸಗಿ ಶಾಲೆಗಳ ಆರಂಭಿಕ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ನೀಡಬೇಕೆಂದು 12ನೆಯ ಪ್ರಕರಣ ಹೇಳುತ್ತದೆ. ಇದರ ವೆಚ್ಚವನ್ನು ಸರ್ಕಾರ ಮರುಪಾವತಿಸುತ್ತದೆ. ಸರ್ಕಾರವು ಪ್ರತಿ ಮಗುವಿಗೆ ಮಾಡುವ ವೆಚ್ಚ ಅಥವಾ ಶಾಲೆಯ ವಾಸ್ತವ ಶುಲ್ಕ, ಇವೆರಡರಲ್ಲಿ ಕಡಿಮೆಯಾದುದು ಇದರ ಮಿತಿ. 2018ರ ಡಿಸೆಂಬರಿನಲ್ಲಿ ರಾಜ್ಯದ ನಿಯಮಗಳಿಗೆ ತಿದ್ದುಪಡಿಯಾಗಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವೆಡೆ ಖಾಸಗಿ ಶಾಲೆಗಳನ್ನು ಈ ಬಾಧ್ಯತೆಯಿಂದ ಹೊರಗಿಡಲಾಯಿತು. 2019ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಅಧಿಸೂಚನೆಯನ್ನೂ, ತಮ್ಮ ವಾರ್ಡ್ ಅಥವಾ ಗ್ರಾಮಕ್ಕೆ ಸಂಬಂಧಿಸಿದ ಶಾಲೆಗಳ ಪಟ್ಟಿಯನ್ನೂ ಕಡ್ಡಾಯವಾಗಿ ಪರಿಶೀಲಿಸತಕ್ಕದ್ದು.

7. ಮಾಹಿತಿ ಮತ್ತು ದೂರು

(ಅ) ಮೊದಲು ಶಾಲೆಯಲ್ಲಿಯೇ ವಿಚಾರಿಸಿರಿ. ಎಸ್.ಡಿ.ಎಂ.ಸಿ. ಸಭೆಯ ನಡವಳಿ ಪುಸ್ತಕ ಹಾಗೂ ನಗದು ಪುಸ್ತಕದ ವಿವರ ಕೇಳಿರಿ. 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ಪೋಷಕರ ಸಭೆಗಳು ಹಾಗೂ ಗ್ರಾಮಸಭೆಗಳು ಸಹ ಇದಕ್ಕೆ ಸೂಕ್ತ ವೇದಿಕೆಗಳು.

(ಆ) ಉತ್ತರ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಾಹಿತಿ ನೀಡಲು 30 ದಿನಗಳ ಗಡುವಿದೆ. ಕಾರಣ ತಿಳಿಸಬೇಕಾಗಿಲ್ಲ. "ಶಾಲೆಯ ಎಲ್ಲ ಲೆಕ್ಕಪತ್ರ" ಎಂದು ಬರೆಯುವ ಬದಲು ವರ್ಷ, ಶಾಲೆಯ ಹೆಸರು ಮತ್ತು ಅನುದಾನದ ಹೆಸರನ್ನು ನಮೂದಿಸಿ ಕೇಳುವುದು ಉತ್ತಮ.

(ಇ) ಮಗುವಿನ ಶಿಕ್ಷಣದ ಹಕ್ಕಿಗೆ ಧಕ್ಕೆಯಾದಲ್ಲಿ 2009ರ ಅಧಿನಿಯಮದ 32ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಮೂರು ತಿಂಗಳೊಳಗೆ ಅದನ್ನು ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

(ಈ) ಸಕಾಲ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ನೀಡಿದಾಗ ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ. ವಿಳಂಬಕ್ಕೆ ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರ ವೆಚ್ಚ ಕೋರಲು ಅವಕಾಶವಿದೆ.

ವಿಧಾನಸಭೆಯು ಮಂಜೂರು ಮಾಡಿದ ಹಣಕ್ಕೆ ಮಹಾಲೇಖಪಾಲರ ಲೆಕ್ಕಪರಿಶೋಧನೆ ಇದೆ, ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯ ಪರಿಶೀಲನೆ ಇದೆ. ಆದರೆ ಒಂದು ಶಾಲೆಯ 25,000 ರೂಪಾಯಿ ಸರಿಯಾಗಿ ಬಳಕೆಯಾಯಿತೇ ಎಂಬುದನ್ನು ಪ್ರತಿದಿನ ಕಣ್ಣಾರೆ ನೋಡಬಲ್ಲವರು ಆ ಊರಿನ ಪೋಷಕರು ಮಾತ್ರ. ಆದಕಾರಣ ಪೋಷಕರು ಎಸ್.ಡಿ.ಎಂ.ಸಿ. ರಚನೆಯ ಸಭೆಗೆ ತಪ್ಪದೆ ಹಾಜರಾಗಿ, ತಮ್ಮ ಶಾಲೆಯ ಯೋಜನೆಯನ್ನು ಬರವಣಿಗೆಯಲ್ಲಿ ಸಿದ್ಧಪಡಿಸಿಕೊಂಡು, ವರ್ಷಾಂತ್ಯಕ್ಕೆ ಮೊದಲೇ ಅನುದಾನದ ಲೆಕ್ಕ ಕೇಳಿ ತಿಳಿದುಕೊಳ್ಳಬೇಕೆಂದು ಕೋರಲಾಗಿದೆ.