ಹರಗಿದ ಹೊಲ ಬರಿದಲ್ಲ

ಶ್ರಾವಣದ ಒಂದು ಸೋಮವಾರ ವಿಜಯಪುರ ಸೀಮೆಯ ಹಿರಿಯ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಶ್ರೀಮಠಕ್ಕೆ ಬಂದರು. ನಮಸ್ಕರಿಸಿ ಎದ್ದವರ ಮುಖದಲ್ಲಿ ಸಂಕೋಚ ತುಂಬಿತ್ತು.

“ಅಪ್ಪಾರ, ಇವಂಗ ತಾವ ಒಂದ ಮಾತು ಹೇಳ್ರಿ. ಇದ್ದ ನೌಕರಿ ಬಿಟ್ಟು ಬಂದಾನ್ರಿ. ಹೊಸಾದು ಸಿಕ್ಕೈತಿ, ಆದ್ರ ನವರಾತ್ರಿ ಆದ ಮ್ಯಾಲ ಹೋಗ್ತೀನಿ ಅಂತಾನ. ದುಡಿಯೋ ಮಗ ಎರಡು ತಿಂಗಳು ಮನ್ಯಾಗ ಕುಂತ್ರ ಮಂದಿ ಏನಂದಾರು? ರಜಾ ಮ್ಯಾಲ ಬಂದಾನಂತ ಸುಳ್ಳು ಹೇಳೀನ್ರಿ.”

ನಮಗೆ ಕೂಡಲೇ ಆಯ್ದಕ್ಕಿ ಮಾರಯ್ಯನವರ ಚರಿತ್ರೆ ನೆನಪಾಯಿತು. ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತ ಪತಿಗೆ, ಕಾಯಕ ನಿಂತುಹೋದುದನ್ನು ಲಕ್ಕಮ್ಮನವರು ನೆನಪಿಸಿ ಕಳುಹಿಸಿದರಂತೆ. ಅದನ್ನೇ ಎತ್ತಿ ಆ ಯುವಕನಿಗೆ ಸ್ವಲ್ಪ ಕಟುವಾಗಿಯೇ ಹೇಳಿದೆವು. ಅವನು ತಲೆ ತಗ್ಗಿಸಿ ಕೇಳಿ, ಬಳಿಕ ಮೆಲ್ಲನೆ ನುಡಿದ: “ಏಳು ವರ್ಷ ಕಾರ್ಖಾನ್ಯಾಗ ಪಾಳಿ ಕೆಲಸ ಮಾಡೀನ್ರಿ. ರಾತ್ರಿ ನಿದ್ದಿ ಬರೋದ ನಿಂತೈತಿ. ಅವ್ವಂದು ಕಣ್ಣಿನ ಆಪರೇಷನ್ ಆದಾಗ ಒಂದ ದಿನಾ ಬಂದು ಹೋದೆ.”

ನಾವು ಅವಸರಪಟ್ಟೆವೆಂದು ಆಗ ತಿಳಿಯಿತು. ಮಾರಯ್ಯನವರು ಕಾಯಕವನ್ನು ಮರೆತಿದ್ದರು; ಇವನು ಮರೆತಿರಲಿಲ್ಲ. ಮತ್ತೆ ಸೇರುವ ದಿನವನ್ನು ಗೊತ್ತುಮಾಡಿಕೊಂಡೇ ಬಂದಿದ್ದ. ಮೈಗಳ್ಳತನಕ್ಕೂ ವಿಶ್ರಾಂತಿಗೂ ಇರುವ ಅಂತರ ಇದೇ.

ತಂದೆಯನ್ನು ಕೇಳಿದೆವು: “ಗೌಡ್ರೆ, ಹಿಂಗಾರಿ ಜೋಳದ ಹೊಲದಲ್ಲಿ ಈಗ ಏನಿದೆ?”

“ಏನೂ ಇಲ್ರಿ, ಹರಗಿ ಬಿಟ್ಟೀನಿ” ಎಂದರು.

“ಹಾಗಾದರೆ ಆ ಹೊಲವೂ ಮೈಗಳ್ಳವೇ?”

ಅವರು ಉತ್ತರಿಸಲಿಲ್ಲ; ಮಗನ ಕಡೆ ನೋಡಿದರು.

ಭಕ್ತರೇ, ಎರೆಭೂಮಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂಗಾರಿಗೆಂದು ಇಟ್ಟ ಹೊಲ ಮುಂಗಾರಿನಲ್ಲಿ ಬೆಳೆಯಿಲ್ಲದೆ ಇರುತ್ತದೆ. ಮಳೆ ಬಂದು ಕಳೆ ಎದ್ದಾಗಲೆಲ್ಲ ಕುಂಟೆ ಹೊಡೆದು ಹರಗುತ್ತೇವೆ. ಕಳೆ ಸಾಯುತ್ತದೆ, ಬಿರುಕು ಮುಚ್ಚುತ್ತದೆ, ಹಸಿ ಒಳಗೇ ಉಳಿಯುತ್ತದೆ. ಸೆಪ್ಟೆಂಬರ್ ಉತ್ತರಾರ್ಧದಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತಿದ ಜೋಳ ಬಹುಮಟ್ಟಿಗೆ ಆ ಹಸಿಯ ಮೇಲೆಯೇ ತೆನೆ ಕಟ್ಟುತ್ತದೆ. ಆದರೆ ಹರಗದೆ ಬಿಟ್ಟ ಹೊಲದಲ್ಲಿ ಕರಿಕೆ ಹಬ್ಬುತ್ತದೆ. ಮನುಷ್ಯನ ಬಿಡುವೂ ಹಾಗೆಯೇ; ಅದಕ್ಕೂ ಆರೈಕೆ ಬೇಕು.

ಆದ್ದರಿಂದ ಕೆಲಸ ಬದಲಿಸುವ ಮಕ್ಕಳಿಗೆ ನಾವು ಹೇಳುವುದಿಷ್ಟು. ಹೊಸ ಕೆಲಸದ ನೇಮಕಪತ್ರ ಕೈಗೆ ಬಂದ ಮೇಲೆಯೇ ಹಳೆಯದಕ್ಕೆ ರಾಜೀನಾಮೆ ಕೊಡಿರಿ. ಬಿಡುವಿನ ತಿಂಗಳುಗಳ ಮನೆಖರ್ಚನ್ನು ಮೊದಲೇ ಕೂಡಿಡಿರಿ. ಸಾಲ ಮಾಡಿ ವಿಶ್ರಾಂತಿ ಪಡೆದರೆ ಅದು ವಿಶ್ರಾಂತಿಯಲ್ಲ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಡನೆ ಮುಗಿಯುತ್ತದೆ. ನಡುವಿನ ದಿನಗಳಿಗೆ ಬೇರೆ ವ್ಯವಸ್ಥೆ ಇರಲಿ. ಭವಿಷ್ಯನಿಧಿಯ ಹಣವನ್ನು ತೆಗೆದು ತಿನ್ನದೆ ಹೊಸ ಖಾತೆಗೆ ವರ್ಗಾಯಿಸಿರಿ. 1995ರ ನೌಕರರ ಪಿಂಚಣಿ ಯೋಜನೆಗೆ ಸೇರಿದವರಿಗೆ ತಿಂಗಳ ಪಿಂಚಣಿ ದೊರೆಯಲು 10 ವರ್ಷದ ಸೇವೆ ಬೇಕು. ಬೇರೆ ಬೇರೆ ಕಡೆ ಮಾಡಿದ ಸೇವೆ ಅದರಲ್ಲಿ ಕೂಡುತ್ತದೆ. ಪಿಂಚಣಿಯ ಹಣವನ್ನು ನಡುವೆಯೇ ಹಿಂಪಡೆದರೆ ಹಿಂದಿನ ಸೇವೆಯ ಲೆಕ್ಕ ಹೋಗುತ್ತದೆ.

ಉಳಿದ ದಿನಗಳನ್ನು ನಿದ್ರೆಗೆ, ತಂದೆತಾಯಿಗಳ ಸೇವೆಗೆ, ಪೂಜೆಗೆ, ಹೊಸ ವಿದ್ಯೆ ಕಲಿಯುವುದಕ್ಕೆ ಮೀಸಲಿಡಿರಿ. ಒಪ್ಪಿಕೊಂಡ ದಿನ ತಪ್ಪದೆ ಕೆಲಸಕ್ಕೆ ಹಾಜರಾಗಿರಿ. ಕೊಟ್ಟ ಮಾತು ನಡೆಸುವುದೂ ಕಾಯಕವೇ.

ಊರ ಹಿರಿಯರಲ್ಲಿ ಒಂದು ಅಪೇಕ್ಷೆ. ಮನೆಗೆ ಬಂದ ಮಕ್ಕಳನ್ನು “ಯಾವಾಗ ಹೊರಡುತ್ತೀ?” ಎಂದು ಮೊದಲು ಕೇಳಬೇಡಿರಿ. “ಉಂಡೆಯಾ, ನಿದ್ದೆ ಬಂತೇ?” ಎಂದು ಕೇಳಿರಿ. ಆ ತಂದೆ ಹೊರಡುವಾಗ, “ಇನ್ನ ಮಂದಿಗಿ ಖರೇನ ಹೇಳ್ತೀನ್ರಿ ಅಪ್ಪಾರ” ಎಂದರು. ಮಗ ದಾಸೋಹಕ್ಕೆ ನಿಂತು ಎಲ್ಲರಿಗೂ ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಂದೆಯ ಪಕ್ಕ ಕುಳಿತು ಪ್ರಸಾದ ಸ್ವೀಕರಿಸಿದ.