ಹಕ್ಕಿಯ ವಲಸೆಯೂ ಆಧಾರಗಳ ಪರಿಶೀಲನೆಯೂ

ಸರ್ವಸಾಮಾನ್ಯವಾದ ಹಾಡುಹಕ್ಕಿಯೊಂದರ ವಲಸೆಯನ್ನು ಡಾಕ್ಟರೇಟ್ ಪದವಿಯ ಸಂಶೋಧನೆಗೆ ಆರಿಸಿಕೊಂಡ ವಿದ್ಯಾರ್ಥಿಗೆ ಮೊದಲು ಎದುರಾಗುವ ಆಕ್ಷೇಪವೊಂದುಂಟು: ಎಲ್ಲರೂ ಬಲ್ಲ ಹಕ್ಕಿಯಲ್ಲಿ ಹೊಸದಾಗಿ ತಿಳಿಯತಕ್ಕದ್ದೇನಿದೆ? ನಮ್ಮ ಗೊರವಂಕದ ಕುಟುಂಬಕ್ಕೇ ಸೇರಿದ ಯೂರೋಪಿನ ಸ್ಟಾರ್ಲಿಂಗ್ ಹಕ್ಕಿಯ ಅಧ್ಯಯನದ ಚರಿತ್ರೆಯು ಇದಕ್ಕೆ ತಕ್ಕ ಸಮಾಧಾನವನ್ನು ಕೊಡುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಕಾರಣವಿಷ್ಟೇ: ಆಧಾರಗಳ ವಿಮರ್ಶೆ ಎರಡು ಶಾಸ್ತ್ರಗಳಿಗೂ ಸಮಾನವಾದ ಕಾರ್ಯ.

ಹಕ್ಕಿಗಳು ಚಳಿಗಾಲವನ್ನು ಎಲ್ಲಿ ಕಳೆಯುತ್ತವೆಂಬುದು ಬಹುಕಾಲ ಊಹೆಯ ವಿಷಯವಾಗಿತ್ತು. ಕವಲುತೋಕೆಯ ಹಕ್ಕಿಗಳು ಕೆರೆಯ ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆಂದು ಪಂಡಿತರೂ ನಂಬಿದ್ದರು. 1899ರಲ್ಲಿ ಡೆನ್ಮಾರ್ಕಿನ ವೀಬೋರ್ ಪಟ್ಟಣದ ಉಪಾಧ್ಯಾಯ ಮಾರ್ಟೆನ್ಸೆನ್ ಅವರು ಅಂಕೆ ಕೆತ್ತಿದ ಅಲ್ಯೂಮಿನಿಯಂ ಉಂಗುರಗಳನ್ನು ಸ್ಟಾರ್ಲಿಂಗುಗಳ ಕಾಲಿಗೆ ತೊಡಿಸಿ ಬಿಟ್ಟರು. ಅಂದಿನಿಂದ ಒಂದೊಂದು ಹಕ್ಕಿಯ ಪ್ರಯಾಣವೂ ದಾಖಲೆಗೆ ಒಳಗಾಗುವಂತಾಯಿತು. ಆದರೆ ತೊಡಿಸಿದ ಉಂಗುರಗಳಲ್ಲಿ ಮರಳಿ ದೊರೆಯುವುವು ತೀರ ಸ್ವಲ್ಪ. ಆದುದರಿಂದ ಸಹಸ್ರಾರು ಸಂಖ್ಯೆಯಲ್ಲಿ ಸಿಕ್ಕುವ ಸಾಮಾನ್ಯ ಹಕ್ಕಿಯೇ ಸಂಶೋಧನೆಗೆ ಹೆಚ್ಚು ಯೋಗ್ಯ.

ಇದರ ಫಲವನ್ನು ಹಾಲೆಂಡಿನ ಪೆರ್ಡೆಕ್ ಅವರು 1958ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ಶರತ್ಕಾಲದಲ್ಲಿ ಆ ದೇಶದ ಮೂಲಕ ಹಾದುಹೋಗುವ ಸ್ಟಾರ್ಲಿಂಗುಗಳು ಉತ್ತರ ಫ್ರಾನ್ಸ್ ಮತ್ತು ದಕ್ಷಿಣ ಇಂಗ್ಲೆಂಡುಗಳಲ್ಲಿ ಚಳಿಗಾಲವನ್ನು ಕಳೆಯುತ್ತವೆ. ಇಂಥ 11,000ಕ್ಕೂ ಹೆಚ್ಚು ಹಕ್ಕಿಗಳನ್ನು ಹಿಡಿದು, ಉಂಗುರ ತೊಡಿಸಿ, ವಿಮಾನದಲ್ಲಿ ಸ್ವಿಟ್ಜರ್ಲೆಂಡಿಗೆ ಒಯ್ದು ಬಿಡಲಾಯಿತು. ಮೊದಲೊಮ್ಮೆ ವಲಸೆ ಹೋಗಿ ಬಂದಿದ್ದ ಹಕ್ಕಿಗಳು ದಿಕ್ಕನ್ನು ಬದಲಿಸಿ ತಮ್ಮ ಹಳೆಯ ನೆಲೆಗಳತ್ತ ಸಾಗಿದುವು. ಆ ವರ್ಷದ ಮರಿಗಳಾದರೋ ಹಿಂದಿನ ದಿಕ್ಕನ್ನೇ ಹಿಡಿದು ದಕ್ಷಿಣ ಫ್ರಾನ್ಸ್, ಸ್ಪೇನುಗಳನ್ನು ಸೇರಿದುವು. ದಿಕ್ಕು ಹುಟ್ಟಿನಿಂದ ಬಂದುದು, ಗುರಿಯನ್ನು ಅರಸುವ ಸಾಮರ್ಥ್ಯ ಅನುಭವದಿಂದ ಬಂದುದು ಎಂಬ ಅನುಮಾನಕ್ಕೆ ಇದು ಆಧಾರವಾಯಿತು. ಉಂಗುರ ತೊಡಿಸುವಾಗ ವಯಸ್ಸನ್ನು ಗುರುತಿಸದೆ ಇದ್ದಿದ್ದರೆ ಈ ಭೇದವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇಲ್ಲಿಯೇ ಎಚ್ಚರವೂ ಅವಶ್ಯಕ. ಉಂಗುರವು ಮನುಷ್ಯನ ಕೈಗೆ ಸಿಕ್ಕಿ, ಅವನು ಪತ್ರ ಬರೆದಲ್ಲದೆ ಸಂಗತಿ ತಿಳಿಯದು. ಬೇಟೆಗಾರರು ಹೆಚ್ಚಿರುವ ಪ್ರದೇಶದಿಂದ ಹೆಚ್ಚು ಉಂಗುರಗಳು ಬಂದಾವು. ಕಡಲಿನಲ್ಲಿ ಬಿದ್ದ ಹಕ್ಕಿಯ ಸುದ್ದಿಯೇ ಬಾರದು. ಶಾಸನ ದೊರೆಯದ ಊರಿನಲ್ಲಿ ಜನವಸತಿಯೇ ಇರಲಿಲ್ಲವೆಂದು ಚರಿತ್ರಕಾರನು ಹೇಳಲಾರನಷ್ಟೆ. ಬೆಳಕನ್ನು ಅಳೆದು ಸ್ಥಳವನ್ನು ಸೂಚಿಸುವ ಇಂದಿನ ಪುಟ್ಟ ಯಂತ್ರಗಳಿಂದಲೂ ಈ ತೊಡಕು ಪೂರ್ತಿ ನೀಗಿಲ್ಲ. ಅವುಗಳಲ್ಲಿ ಅನೇಕವು ಹಕ್ಕಿ ಮತ್ತೆ ಸೆರೆಸಿಕ್ಕಿದಾಗ ಮಾತ್ರ ತಮ್ಮ ವೃತ್ತಾಂತವನ್ನು ಒಪ್ಪಿಸುತ್ತವೆ. ದಾರಿಯಲ್ಲಿ ಅಳಿದ ಹಕ್ಕಿಯ ಕಥೆ ಅದರೊಡನೆಯೇ ಅಳಿಯುತ್ತದೆ.

ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಹಿಂಡುಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿಯನ್ನು ಕುರಿತು ವ್ಯಾಸಂಗ ಮಾಡಬಯಸುವವರಿಗೂ ಈ ಮಾತು ಅನ್ವಯಿಸುತ್ತದೆ. ಪ್ರತಿಯೊಂದು ದಾಖಲೆಯನ್ನು ಯಾರು, ಎಲ್ಲಿ, ಏತಕ್ಕಾಗಿ ಬರೆದರು, ಅದರಲ್ಲಿ ಬಿಟ್ಟುಹೋದುದೇನು ಎಂಬುದನ್ನು ಮೊದಲ ವರ್ಷದಲ್ಲಿಯೇ ವಿಚಾರಿಸಿಕೊಂಡ ಸಂಶೋಧಕನು, ಆ ದಾಖಲೆಗಳು ಉತ್ತರಿಸಬಲ್ಲ ಪ್ರಶ್ನೆಯನ್ನೇ ಕೇಳುವನು. ಮಹಾಪ್ರಬಂಧದ ತಳಹದಿ ಅದೇ ಎಂದು ನಾವು ತಿಳಿಯುತ್ತೇವೆ.