ಚಿಂಚೋಳಿ ಕಾಡು: ಕಾಳ್ಗಿಚ್ಚಿಗೆ ಬೆಂಕಿ ರೇಖೆಯೇ ತಡೆ

ಚಿಮ್ಮನಚೋಡ: ಚಿಂಚೋಳಿ ತಾಲ್ಲೂಕಿನದು ಎಲೆ ಉದುರುವ ಒಣ ಕಾಡು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 134 ಚದರ ಕಿ.ಮೀ. ಪ್ರದೇಶದಲ್ಲಿ ಬೇಸಿಗೆಯ ವೇಳೆಗೆ ತರಗೆಲೆ, ಒಣಹುಲ್ಲು ನೆಲ ಮುಚ್ಚುತ್ತವೆ. ಆಗ ಬೀಡಿಯ ಒಂದು ಕಿಡಿ ಸಾಕು.

ಕೆನಡಾದ ಉತ್ತರದ ಕಾಡುಗಳಲ್ಲಿ ಹೆಚ್ಚಿನ ಪ್ರದೇಶ ಸುಡುವುದು ಸಿಡಿಲಿನ ಬೆಂಕಿಗೆ. 2023ರಲ್ಲಿ ಆ ದೇಶದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ಇಲ್ಲಿ ಬಹುತೇಕ ಮನುಷ್ಯನೇ ಕಾರಣ. ಆದ್ದರಿಂದ ತಡೆಯೂ ಜನರ ಕೈಯಲ್ಲಿದೆ.

ಬೇಸಿಗೆಗೆ ಮುನ್ನ ಹುಲ್ಲು ಸವರಿ, ತರಗೆಲೆ ಸುಟ್ಟು ತೆಗೆಯುವ ಪಟ್ಟಿಯೇ ಬೆಂಕಿ ರೇಖೆ. ಉರಿಯಲು ಏನೂ ಸಿಗದೆ ನೆಲದ ಬೆಂಕಿ ಅಲ್ಲಿ ನಿಲ್ಲುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆ ಸಂಸ್ಥೆ ಉಪಗ್ರಹದ ನೆರವಿನಿಂದ ಎಚ್ಚರಿಕೆ ನೀಡುತ್ತದಾದರೂ, ಹೊಗೆಯನ್ನು ಮೊದಲು ಕಾಣುವವರು ಕಾಡಂಚಿನ ಗ್ರಾಮಸ್ಥರು. ಹಸಿ ಸೊಪ್ಪಿನಿಂದ ಬಡಿದು ನಂದಿಸಬಹುದಾದ ಬೆಂಕಿ ಗಾಳಿ ಬೀಸಿದರೆ ಕೈಮೀರುತ್ತದೆ. ಕಂಡೊಡನೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದು ಅಗತ್ಯ.